ರೂಮಿನ ದರ ಆಮೇಲೆ, ಮೊದಲು ತಾಸು ಕೇಳಿ

ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ ಮುಟ್ಟುವುದು ಬೆಳಗಿನ ಹೊತ್ತಿಗೆ. 2024ರ ಮಾರ್ಚಿನಲ್ಲಿ ಶುರುವಾದ ವಂದೇ ಭಾರತ್ ಬಂದು ನಿಲ್ಲುವುದು ರಾತ್ರಿ ಹನ್ನೊಂದು ದಾಟಿದ ಮೇಲೆ. ಹೊಟೇಲಿನವರ ಗಡಿಯಾರಕ್ಕೆ ಎರಡೂ ಹೊಂದುವುದಿಲ್ಲ. ಮೊಬೈಲಿನಲ್ಲಿ ಫೋಟೊ ನೋಡಿ, ರಿಯಾಯಿತಿ ನೋಡಿ ರೂಮು ಹಿಡಿಯುವವರು ಕಳೆದುಕೊಳ್ಳುವ ದುಡ್ಡು ಬಹುಪಾಲು ಇಲ್ಲಿಯೇ ಹೋಗುತ್ತದೆ.

ಲೆಕ್ಕ ಹೀಗಿದೆ. ಕೆಲವು ಲಾಡ್ಜುಗಳಲ್ಲಿ 24 ತಾಸಿನ ಪದ್ಧತಿ: ನೀವು ಯಾವ ಹೊತ್ತಿಗೆ ಒಳಗೆ ಕಾಲಿಟ್ಟಿರೋ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನದ ಬಾಡಿಗೆ. ಇನ್ನು ಕೆಲವು ಕಡೆ, ಅದರಲ್ಲೂ ಹೊಸ ಹೊಟೇಲುಗಳಲ್ಲಿ, ಮಧ್ಯಾಹ್ನ 12ಕ್ಕೆ ದಿನ ಬದಲಾಗುತ್ತದೆ. ಬೆಳಿಗ್ಗೆ ಆರಕ್ಕೆ ಬಂದವರು ಎರಡನೆಯ ಬಗೆಯ ಹೊಟೇಲಿಗೆ ಹೋದರೆ ಆರು ತಾಸು ರಿಸೆಪ್ಷನ್ ಸೋಫಾದಲ್ಲಿ ಕೂರಬೇಕು, ಇಲ್ಲವೇ ಕಳೆದುಹೋದ ರಾತ್ರಿಯ ಬಾಡಿಗೆಯನ್ನೂ ಕೊಡಬೇಕು. ಅದೇ 24 ತಾಸಿನ ಲಾಡ್ಜಾದರೆ, ಉದ್ಯಾನ್‌ನಲ್ಲಿ ಬಂದು, ಸ್ನಾನ ಮಾಡಿ, ಊರು ನೋಡಿ, ರಾತ್ರಿ ಮಲಗಿ, ಮರುದಿನ ಬೆಳಗಿನ ಜಾವ ಐದರ ಸುಮಾರಿಗೆ ಹೊರಡುವ ವಂದೇ ಭಾರತ್ ಹಿಡಿದರೆ ಎಲ್ಲಾ ಒಂದೇ ಬಾಡಿಗೆಯಲ್ಲಿ ಮುಗಿಯುತ್ತದೆ. ಆ ರೈಲು ವಾರದಲ್ಲಿ ಒಂದು ದಿನ ಓಡುವುದಿಲ್ಲ, ಅಷ್ಟು ನೋಡಿಕೊಂಡರಾಯಿತು.

ಹೀಗಾಗಿ ಫೋನ್ ಮಾಡಿದ ಕೂಡಲೇ ಕೇಳಬೇಕಾದ ಪ್ರಶ್ನೆ "ಎಷ್ಟ್ರಿ?" ಅಲ್ಲ. "24 ತಾಸಿಂದೇನ್ರಿ, ಇಲ್ಲಾ 12ಕ್ಕ ಖಾಲಿ ಮಾಡಬೇಕೇನ್ರಿ?" ಎಂದು ಕೇಳಿ. ಆನ್‌ಲೈನ್ ಆ್ಯಪಿನಲ್ಲಿ ಬುಕ್ ಮಾಡಿದರೆ 24 ತಾಸಿನ ಲಾಡ್ಜೂ 12ರ ಲೆಕ್ಕಕ್ಕೆ ಬೀಳುವುದುಂಟು. ಆ್ಯಪಿನಲ್ಲಿ ಹೆಸರು ಹುಡುಕಿ, ಮಾತು ಮಾತ್ರ ನೇರವಾಗಿ ಕೌಂಟರಿನವರ ಜೊತೆ ಆಡುವುದು ಜಾಣತನ.

ತೆರಿಗೆಯ ವಿಷಯ ಸಣ್ಣದು, ಆದರೂ ಬಿಲ್ಲಿನಲ್ಲಿ ತಕರಾರು ಹುಟ್ಟುವುದು ಅದರಿಂದಲೇ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ಹಳೆಯ ದರಪಟ್ಟಿ ಇನ್ನೂ ಗೋಡೆಯ ಮೇಲೆ ತೂಗಾಡುತ್ತಿದ್ದರೆ ಬಾಯಿಬಿಟ್ಟು ಕೇಳಿ.

ಇನ್ನು ಯಾವ ಓಣಿಯಲ್ಲಿ ಇಳಿದುಕೊಳ್ಳುವುದು ಎನ್ನುವುದು. ಕಲಬುರಗಿಯ ನೋಡುವ ಜಾಗಗಳು ಒಂದೇ ಮಗ್ಗುಲಲ್ಲಿಲ್ಲ. ಕೋಟೆ ಊರಿನ ಪಶ್ಚಿಮಕ್ಕೆ, ಹಫ್ತ್ ಗುಂಬಜ್ ಮತ್ತು ಖ್ವಾಜಾ ಬಂದೇನವಾಜ್ ದರ್ಗಾ ಪೂರ್ವಕ್ಕೆ, ಶರಣಬಸವೇಶ್ವರ ಗುಡಿ ನಡುವೆ, ಬುದ್ಧ ವಿಹಾರ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಕಡೆಗೆ. ವಿಮಾನ ನಿಲ್ದಾಣವೂ ಅದೇ ರಸ್ತೆಯಲ್ಲಿ ಇನ್ನೂ ಮುಂದೆ. ರೈಲಿನವರಿಗೆ ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ನಡುವಿನ ಜಾಗವೇ ಅನುಕೂಲ: ಆಟೊ ಯಾವ ಹೊತ್ತಿಗೂ ಸಿಗುತ್ತದೆ, ಖಾನಾವಳಿ ಕಾಲಳತೆಯಲ್ಲಿದೆ. ಸ್ವಂತ ಕಾರಿನವರು ಮಾತ್ರ ಈ ಗದ್ದಲಕ್ಕೆ ಬೀಳದೆ ಸೇಡಂ ರಸ್ತೆಯ ಕಡೆ ಪಾರ್ಕಿಂಗ್ ಇರುವ ಹೊಟೇಲು ನೋಡಿಕೊಳ್ಳಲಿ. "ಸಿಟಿ ಸೆಂಟರಿನಿಂದ ಎರಡೇ ಕಿಲೋಮೀಟರ್" ಎಂಬ ಜಾಹೀರಾತಿನ ಮಾತಿಗೆ ಇಲ್ಲಿ ಅರ್ಥ ಕಡಿಮೆ. ಈ ಊರಿಗೆ ಒಂದು ಸೆಂಟರ್ ಅಂತ ಇಲ್ಲವೇ ಇಲ್ಲ.

ಬಿಸಿಲಿಗೂ ತಾಸಿನ ಲೆಕ್ಕವಿದೆ. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಮಕ್ಕಳು, ಮುದುಕರನ್ನು ಕಟ್ಟಿಕೊಂಡು ಬರುವುದಾದರೆ ನವೆಂಬರಿನಿಂದ ಫೆಬ್ರುವರಿ ಒಳಗೆ ಬನ್ನಿ. ಆಗಲೂ ಕೋಟೆಯನ್ನು ಬೆಳಿಗ್ಗೆ ಮೊದಲು ಮುಗಿಸಿ. ಬುರುಜಿನ ಮೇಲಿನ ಉದ್ದನೆಯ ತೋಪಿನ ಹತ್ತಿರ ನೆರಳಿನ ತುಣುಕೂ ಇಲ್ಲ, ಹುಡುಗರು ಅಲ್ಲಿಂದ ಬೇಗ ಕೆಳಗಿಳಿಯುವುದೂ ಇಲ್ಲ. ಅದಾದ ಮೇಲೆ ಜಾಮಾ ಮಸೀದಿ. ಬಹುತೇಕ ಮಸೀದಿಗಳಿಗಿರುವ ತೆರೆದ ಅಂಗಳ 1367ರ ಈ ಕಟ್ಟಡದ ನಡುವೆ ಇಲ್ಲ, ಪೂರ್ತಿ ಮಾಡು ಹೊದಿಸಿದ್ದಾರೆ. ಅಗಲವಾದ, ಗಿಡ್ಡ ಕಮಾನುಗಳು ಸಾಲುಸಾಲಾಗಿ ಒಂದರೊಳಗೊಂದು ಸರಿಯುತ್ತಾ ಹೋಗುತ್ತವೆ. ಹೊರಗಿನ ಕಣ್ಣು ಕುಕ್ಕುವ ಬೆಳಕಿನಿಂದ ಒಳಗೆ ಹೊಕ್ಕರೆ ಒಂದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕಂಬಗಳು ಒಂದೊಂದಾಗಿ ಕಾಣತೊಡಗುತ್ತವೆ, ಕಲ್ಲಿನ ತಂಪು ಅಂಗಾಲಿಗೆ ತಾಗುತ್ತದೆ. ಭಾರತದಲ್ಲಿ ಇಂಥ ಕಟ್ಟಡ ಅಪರೂಪ. ಬಿಸಿಲೇರಿದ ಹೊತ್ತನ್ನು ಕಳೆಯಲು ಊರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಶುಕ್ರವಾರ ಮಧ್ಯಾಹ್ನ ಮಾತ್ರ ನಮಾಜಿನ ಹೊತ್ತು ಬಿಟ್ಟು ಹೋಗಿ.

ಊಟ ಮಾಡಿ ರೂಮಿನಲ್ಲಿ ಒಂದು ನಿದ್ದೆ ತೆಗೆದು, ನಾಲ್ಕರ ಮೇಲೆ ದರ್ಗಾ ಮತ್ತು ಹಫ್ತ್ ಗುಂಬಜ್ ಇಟ್ಟುಕೊಳ್ಳಿ. ಖ್ವಾಜಾ ಬಂದೇನವಾಜರೂ, ಅವರನ್ನು ಬರಮಾಡಿಕೊಂಡ ಸುಲ್ತಾನ ಫಿರೋಜ್ ಷಾ ಬಹಮನಿಯೂ ತೀರಿಕೊಂಡದ್ದು ಒಂದೇ ವರ್ಷ, 1422ರಲ್ಲಿ. ಇಬ್ಬರ ಗೋರಿಗಳೂ ಒಂದಕ್ಕೊಂದು ದೂರವಿಲ್ಲ. ಫಿರೋಜ್ ಷಾನ ಜೋಡಿ ಗುಂಬಜ್ ಹಫ್ತ್ ಗುಂಬಜ್ ಗುಂಪಿನಲ್ಲೇ ದೊಡ್ಡದು. ಸಂಜೆಯ ಓರೆ ಬೆಳಕಿನಲ್ಲಿ ಅದರ ಗಾರೆ ಕೆಲಸ ಎದ್ದು ಕಾಣುತ್ತದೆ. ಇನ್ನೂ ಒಂದು ದಿನ ಇದ್ದರೆ ಬುದ್ಧ ವಿಹಾರಕ್ಕೆ ಒಂದು ಸಂಜೆ.

ಎಂದು ಬರಬಾರದು ಎನ್ನುವುದನ್ನೂ ಹೇಳಿಬಿಡುತ್ತೇನೆ. ಹೋಳಿಯ ನಂತರ ಐದನೆಯ ದಿನದ ಶರಣಬಸವೇಶ್ವರ ರಥೋತ್ಸವ ಮತ್ತು ದರ್ಗಾದ ಉರುಸ್, ಈ ಎರಡು ಹೊತ್ತಿಗೆ ರೂಮು ಸಿಗುವುದು ಕಷ್ಟ. ಉರುಸ್ ಚಾಂದ್ರಮಾನದ ಜಿಲ್‌ಕಾದ್ ತಿಂಗಳದ್ದು, ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹೋದ ವರ್ಷದ ತಾರೀಖು ನಂಬಿ ಬುಕ್ ಮಾಡಬೇಡಿ. ಜಾತ್ರೆಯನ್ನೇ ನೋಡಲು ಬರುವವರ ಮಾತು ಬೇರೆ, ಅವರು ತಿಂಗಳ ಮೊದಲೇ ಹಿಡಿದಿಟ್ಟುಕೊಳ್ಳಲಿ. ಹೈಕೋರ್ಟ್ ಪೀಠ, ವಿಭಾಗದ ಕಚೇರಿಗಳು, ದೊಡ್ಡ ಆಸ್ಪತ್ರೆಗಳು ಎಲ್ಲಾ ಇಲ್ಲೇ ಇರುವುದರಿಂದ ಕೆಲಸದ ದಿನಗಳಲ್ಲಿ ಬೇರೆ ಜಿಲ್ಲೆಯ ಮಂದಿ ಲಾಡ್ಜುಗಳಲ್ಲಿ ತುಂಬಿರುತ್ತಾರೆ. ಶನಿವಾರ, ಭಾನುವಾರ ಚೌಕಾಸಿ ಮಾಡಲು ತುಸು ಜಾಗವಿರುತ್ತದೆ.

ರೂಮು ನೋಡದೆ ದುಡ್ಡು ಕಟ್ಟಬೇಡಿ. ಮೇಲಿನ ಕೊನೆಯ ಮಹಡಿ ಬೇಡ, ಬೇಸಿಗೆಯಲ್ಲಿ ಛಾವಣಿ ರಾತ್ರಿಯೆಲ್ಲಾ ಕಾವು ಉಗುಳುತ್ತದೆ, ಟ್ಯಾಂಕಿನ ನೀರು ಮಧ್ಯಾಹ್ನ ಮುಟ್ಟಲು ಬರುವುದಿಲ್ಲ. ಬಿಸಿನೀರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಬರುತ್ತದೆ, ಕರೆಂಟು ಹೋದರೆ ಜನರೇಟರಿನ ಮೇಲೆ ಎಸಿ ಓಡುತ್ತದೆಯೋ ಫ್ಯಾನು ಮಾತ್ರವೋ ಕೇಳಿ. ಮೊಣಕಾಲು ನೋವಿನ ಅಜ್ಜಿ ಜೊತೆಗಿದ್ದರೆ ಲಿಫ್ಟು ಮತ್ತು ಕಮೋಡ್ ಎರಡನ್ನೂ ಕಣ್ಣಾರೆ ನೋಡಿ. "ಫ್ಯಾಮಿಲಿ ರೂಮು" ಎಂದರೆ ಕೆಲವರ ಲೆಕ್ಕದಲ್ಲಿ ಡಬಲ್ ರೂಮಿಗೆ ಇನ್ನೊಂದು ಗಾದಿ ಹಾಕುವುದು ಅಷ್ಟೇ. ಅದಕ್ಕೆ ಬೇರೆ ಚಾರ್ಜ್ ಎಷ್ಟು, ಎಷ್ಟು ವಯಸ್ಸಿನವರೆಗೆ ಮಕ್ಕಳಿಗೆ ಇಲ್ಲ, ಮೊದಲೇ ಮಾತಾಡಿ. ಹೊಟೇಲಿನ ಪಕ್ಕದಲ್ಲೇ ಫಂಕ್ಷನ್ ಹಾಲ್ ಇದ್ದರೆ ಅಂದು ಮದುವೆ ಇದೆಯೇ ಎಂದೂ ಕೇಳಿಬಿಡಿ. ವರನ ಕಡೆಯವರ ಡಿಜೆ ನಿಮ್ಮ ನಿದ್ದೆಯನ್ನು ಲೆಕ್ಕಕ್ಕಿಡುವುದಿಲ್ಲ.

ಎರಡನೆಯ ದಿನ ಕಮಲಾಪುರಕ್ಕೆ. ಇಲ್ಲೊಂದು ಗುಂಡಿ ಇದೆ: ಬುಕಿಂಗ್ ಆ್ಯಪಿನಲ್ಲಿ ಕಮಲಾಪುರ ಎಂದು ಒತ್ತಿದರೆ ಥರಾವರಿ ರೆಸಾರ್ಟು, ಕೆಎಸ್‌ಟಿಡಿಸಿಯ ಮಯೂರ ಭುವನೇಶ್ವರಿ, ಅರಮನೆಯಂಥ ಹೊಟೇಲು ಎಲ್ಲಾ ಸಾಲಾಗಿ ಬರುತ್ತವೆ. ಅವು ಹಂಪಿಯ ಪಕ್ಕದ ಕಮಲಾಪುರದವು, ಇಲ್ಲಿಂದ ಐದಾರು ತಾಸಿನ ದಾರಿ. ನಮ್ಮ ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನಷ್ಟು ದೂರದ ತಾಲ್ಲೂಕು ಕೇಂದ್ರ. ದುಡ್ಡು ಕಟ್ಟುವ ಮುಂಚೆ ಜಿಲ್ಲೆಯ ಹೆಸರು ಓದಿಕೊಳ್ಳಿ. ಕಲಬುರಗಿಯಲ್ಲೇ ರೂಮು ಇಟ್ಟುಕೊಂಡು ಬೆಳಿಗ್ಗೆ ಹೋಗಿ ಸಂಜೆ ಬರುವುದೇ ಸರಿ. ಬಸ್ಸು ಬೇಕಾದಷ್ಟಿವೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗದಲ್ಲಿ ಕಮಲಾಪುರಕ್ಕೂ ನಿಲ್ದಾಣವಿದೆ, ಆದರೆ ರೈಲುಗಳು ಕಡಿಮೆ. ವಾಪಸು ಬರುವ ರೈಲಿನ ಹೊತ್ತು ನೋಡಿಕೊಂಡೇ ಟಿಕೆಟು ತೆಗೆಯಿರಿ.

ದಾರಿಯಲ್ಲಿ ಹೊಳಕುಂದಾದ ಗುಂಬಜ್‌ಗಳ ಗುಂಪು ನೋಡಬಹುದು, ಗದ್ದಲವಿಲ್ಲದ ಜಾಗ. ಕಮಲಾಪುರದ ಮುಖ್ಯ ಆಕರ್ಷಣೆ ಕೆಂಪು ಬಾಳೆ. ಭೌಗೋಳಿಕ ಸೂಚಕದ (ಜಿಐ) ಗುರುತು ಪಡೆದ ಹಣ್ಣು, ಬೆಳೆ ಕೈಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕು, ಗೊಬ್ಬರ ನೀರು ಎಲ್ಲಾ ಹೆಚ್ಚು ಬೇಡುತ್ತದೆ. ಅದಕ್ಕೇ ಇದನ್ನು ಶ್ರೀಮಂತರ ಹಣ್ಣು ಎನ್ನುವುದು. ಮಾಮೂಲಿ ಬಾಳೆಯ ರೇಟಿಗೆ ಯಾರಾದರೂ ಕೊಡಲು ಬಂದರೆ ಅನುಮಾನಪಡಿ. ಊರಿಗೆ ಒಯ್ಯುವುದಾದರೆ ಇನ್ನೂ ಗಟ್ಟಿ ಇರುವ ಹಣ್ಣು ಆರಿಸಿ, ಅಲ್ಲೇ ತಿನ್ನುವುದಾದರೆ ಒತ್ತಿದರೆ ತುಸು ತಗ್ಗುವಂಥದ್ದು.

ಈಗ ಉಲ್ಟಾ ಪ್ರಯಾಣ. ಕಲಬುರಗಿ, ಕಮಲಾಪುರದ ಕುಟುಂಬಗಳೂ ಈಚೆಗೆ "ಕ್ರೂಸ್ ಹೋಗೋಣ್ರಿ" ಎನ್ನತೊಡಗಿವೆ. ಸಮುದ್ರ ಕಾಣದ ಸೀಮೆಯವರಿಗೆ ಹಡಗು ದೂರದ ಮಾತು ಎನಿಸಬಹುದು, ಆದರೆ ನಮ್ಮ ಸ್ಟೇಷನ್ನು ಮುಂಬೈ–ಚೆನ್ನೈ ಮಾರ್ಗದಲ್ಲಿದೆ. ಇಲ್ಲಿ ಹತ್ತಿದ ಹಲವು ರೈಲುಗಳು ಇಳಿಸುವುದು ಮುಂಬೈ ಸಿಎಸ್‌ಎಂಟಿಯಲ್ಲಿ, ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. 2021ರ ಸೆಪ್ಟೆಂಬರಿನಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಮುಂಬೈನಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಎರಡು ರಾತ್ರಿ, ಮೂರು ರಾತ್ರಿ, ಐದು ರಾತ್ರಿ ಎಂಬ ಲೆಕ್ಕದಲ್ಲಿ ಓಡಾಡುತ್ತಿದೆ. 1990ರಲ್ಲಿ ಕಟ್ಟಿದ ಹಡಗು ಅದು. ಹೊಳೆಯುವ ಫೋಟೊ ನೋಡಿ ಹೊಚ್ಚ ಹೊಸದು ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಅಬ್ಬರದಿಂದಾಗಿ ಮುಂಬೈ ಕಡೆಯ ಯಾನ ನಿಲ್ಲುತ್ತದೆ. ಹೀಗಾಗಿ ದೀಪಾವಳಿ, ಕ್ರಿಸ್‌ಮಸ್, ಬೇಸಿಗೆ ರಜೆಗೆ ದರ ಏರುತ್ತದೆ.

ಹಡಗಿನ ದರಪಟ್ಟಿ ಹೊಟೇಲಿನಂತಲ್ಲ. ಜಾಹೀರಾತಿನ ಅಂಕಿ ಒಬ್ಬರಿಗೆ, ಅದೂ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ. ನಾಲ್ಕು ಜನರ ಮನೆಯವರು ಒಬ್ಬರಿಗೆ 20,000 ಎಂದು ಓದಿ 80,000 ಎಂದು ಕೂಡಿಸಿದರೆ ಎರಡು ಕಡೆ ತಪ್ಪುತ್ತದೆ. ಒಂದೇ ಕ್ಯಾಬಿನ್ನಿನ ಮೂರನೆಯವರಿಗೆ, ನಾಲ್ಕನೆಯವರಿಗೆ ಸಾಮಾನ್ಯವಾಗಿ ಕಡಿಮೆ ದರ ಇರುತ್ತದೆ. ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆ ಮೇಲೆ ಸೇರುತ್ತವೆ. ಕೊನೆಯ ಪುಟದವರೆಗೆ ಹೋಗಿ, ದುಡ್ಡು ಕಟ್ಟುವ ಬಟನ್ನಿನ ಮೇಲೆ ಕಾಣುವ ಅಂಕಿಯೇ ನಿಜವಾದದ್ದು. ದೊಡ್ಡ ಊಟದ ಹಾಲ್, ಈಜುಕೊಳ, ಸಂಜೆಯ ಕಾರ್ಯಕ್ರಮ ಇದರಲ್ಲಿ ಬರುತ್ತವೆ. ಮದ್ಯ, ವಿಶೇಷ ರೆಸ್ಟೊರೆಂಟು, ವೈಫೈ, ದಡದ ಮೇಲಿನ ಸುತ್ತಾಟ ಬರುವುದಿಲ್ಲ. ಸಮುದ್ರದ ನಡುವೆ ಮೊಬೈಲು ತಾನಾಗಿ ಹಡಗಿನ ಉಪಗ್ರಹ ಜಾಲಕ್ಕೆ ಸೇರಿದರೆ ಬಿಲ್ಲು ಹೌಹಾರಿಸುತ್ತದೆ, ಹತ್ತಿದ ಕೂಡಲೇ ಫ್ಲೈಟ್ ಮೋಡ್ ಒತ್ತಿ.

ಕ್ಯಾಬಿನ್ ಆರಿಸುವಾಗ ಕಿಟಕಿ ಇಲ್ಲದ್ದು ಅಗ್ಗ, ಬಾಲ್ಕನಿಯದ್ದು ತುಟ್ಟಿ. ಎರಡು ರಾತ್ರಿಯ ಪಯಣಕ್ಕೆ ಬಾಲ್ಕನಿ ದುಂದು ಎನ್ನುವುದು ನನ್ನ ಅಭಿಪ್ರಾಯ, ಹುಡುಗರು ಕ್ಯಾಬಿನ್ನಿನಲ್ಲಿ ನಿಲ್ಲುವುದೇ ಇಲ್ಲ. ವಾಂತಿಯ ಭಯ ಇರುವವರು ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ಹಿಡಿಯಲಿ, ತೂಗಾಟ ಅಲ್ಲಿ ಎಲ್ಲಕ್ಕಿಂತ ಕಡಿಮೆ. ಮಕ್ಕಳಿಗೂ ಅವರವರದೇ ಗುರುತಿನ ಚೀಟಿಯ ಮೂಲ ಪ್ರತಿ ಬೇಕು. ಕೈಗೂಸುಗಳಿಗೆ, ತಿಂಗಳು ತುಂಬುತ್ತಿರುವ ಬಸುರಿಯರಿಗೆ ಕಂಪನಿಗಳ ಬೇರೆ ನಿಯಮಗಳಿವೆ, ಬುಕ್ ಮಾಡುವ ಮೊದಲೇ ಕೇಳಿ. ಸಸ್ಯಾಹಾರ, ಜೈನ ಊಟ ಸಿಗುತ್ತವೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಮಾತ್ರ ಗೇಟಿನಲ್ಲೇ ಇಳಿಸಬೇಕಾದೀತು. ಮನೆಯ ತಿಂಡಿಯನ್ನು ಒಳಗೆ ಬಿಡುವ ಹಡಗುಗಳು ಕಡಿಮೆ. ಅದನ್ನು ರೈಲಿನಲ್ಲೇ ಮುಗಿಸಿಬಿಡಿ. ಹತ್ತಿದ ಮೇಲೆ ಲೈಫ್ ಜಾಕೆಟ್ ತೋರಿಸುವ ಕವಾಯತಿಗೆ ಕರೆದರೆ ತಪ್ಪಿಸಬೇಡಿ. 2012ರಲ್ಲಿ ಇಟಲಿಯ ಕೋಸ್ಟಾ ಕಾಂಕೋರ್ಡಿಯಾ ದುರಂತವಾದ ಮೇಲೆ, ಹಡಗು ಹೊರಡುವ ಮುಂಚೆ ಇಲ್ಲವೇ ಹೊರಟ ಕೂಡಲೇ ಅದು ನಡೆಯಲೇಬೇಕು ಎಂದು ಜಗತ್ತಿನ ನಿಯಮವನ್ನೇ ಬದಲಿಸಿದ್ದಾರೆ.

ಹಡಗು ಯಾರಿಗೂ ಕಾಯುವುದಿಲ್ಲ, ಹೊರಡುವ ಬಹಳ ಮುಂಚೆಯೇ ಗೇಟು ಮುಚ್ಚುತ್ತಾರೆ. ಸಂಜೆ ಕಲಬುರಗಿಯಲ್ಲಿ ಹತ್ತುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಬೆಳಗಿನ ಜಾವ ಸಿಎಸ್‌ಎಂಟಿ ಮುಟ್ಟಿಸುತ್ತದೆ. ಹಡಗು ಅಂದೇ ಮಧ್ಯಾಹ್ನದ ಮೇಲೆ ಎಂದರೆ ಲೆಕ್ಕ ಸರಿಹೋದಂತೆ ಕಾಣುತ್ತದೆ, ರೈಲು ನಾಲ್ಕೈದು ತಾಸು ತಡವಾದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಹಿಂದಿನ ದಿನ ಬೆಳಿಗ್ಗೆ ಉದ್ಯಾನ್ ಹತ್ತಿ ರಾತ್ರಿ ಇಳಿದು, ಫೋರ್ಟ್ ಭಾಗದಲ್ಲಿ ಒಂದು ರೂಮು ಮಾಡಿ ಮಲಗುವುದು ಮೇಲು. ಬರುವಾಗ ಅದೇ ಉದ್ಯಾನ್ ಸಿಗುವುದಿಲ್ಲ. ಅದು ಮುಂಬೈ ಬಿಡುವುದು ಬೆಳಿಗ್ಗೆ ಎಂಟರ ಸುಮಾರಿಗೆ, ಆ ಹೊತ್ತಿಗೆ ನೀವಿನ್ನೂ ಹಡಗಿನಿಂದ ಇಳಿಯುವ ಸಾಲಿನಲ್ಲಿರುತ್ತೀರಿ. ರಾತ್ರಿಯ ಹುಸೇನ್‌ಸಾಗರ್‌ಗೆ ಟಿಕೆಟು ಮಾಡಿಸಿ, ಲಗೇಜು ಸ್ಟೇಷನ್ನಿನ ಕ್ಲೋಕ್ ರೂಮಿಗೆ ಹಾಕಿ. ಬ್ಯಾಗಿಗೆ ಬೀಗ ಇಲ್ಲದಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ, ಸಣ್ಣದೊಂದು ಬೀಗ ಮನೆಯಿಂದಲೇ ಒಯ್ಯಿರಿ.