ಗಾಳಿ ಬಿದ್ದ ಹೊತ್ತು

ಭಾದ್ರಪದದ ಸಂಜೆ, ಕಾರವಾರದ ಕೋಡಿಬಾಗದ ಹೊಳೆದಂಡೆ. ಮಧ್ಯಾಹ್ನದಿಂದ ಅಳವೆಯ ಬಾಯಿಂದ ಒಂದೇ ಸಮನೆ ನುಗ್ಗಿ ಬರುತ್ತಿದ್ದ, ತೆಂಗಿನ ಗರಿಗಳನ್ನೆಲ್ಲ ಮೂಡಲಿಗೆ ಬಾಚಿ ಹಿಡಿದಿದ್ದ ಕಡಲಗಾಳಿ ಸೂರ್ಯ ಮುಳುಗುತ್ತಲೇ ಸಡಿಲಾಗಿ, ಆಮೇಲೆ ಪೂರ್ತಿ ಬಿದ್ದುಹೋಗುತ್ತದೆ. ಗರಿಗಳು ಜೋತು ಬೀಳುತ್ತವೆ. ಎದುರು ದಡದ ಸದಾಶಿವಗಡದ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ಅಲುಗದೆ ನಿಲ್ಲುತ್ತದೆ. ಗಾಳಿ ಇದ್ದಾಗ ಮರೆಯಾಗಿದ್ದ ವಾಸನೆಗಳು ಒಂದೊಂದಾಗಿ ಮೇಲೇಳುತ್ತವೆ: ಕೆಸರಿನದು, ಬಲೆಗಂಟಿದ ಮೀನಿನ ಪರೆಯದು, ಯಾರದೋ ಹಿತ್ತಲಲ್ಲಿ ಕಾಯಿಸಿಪ್ಪೆ ಸುಡುವುದರದು. ಟೆಂಟಿನ ಗೂಟ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಕಿವಿಗೊಟ್ಟರೆ, ತಂಬೂರಿಯ ಶ್ರುತಿಯಂಥದೊಂದು ಸಣ್ಣ ನಾದ. ನುಸಿ ಎದ್ದಿತು.

ಕಡಲಗಾಳಿ ಹೋಗಿ ಘಟ್ಟದ ಗಾಳಿ ಇಳಿದು ಬರುವವರೆಗಿನ ಈ ನಡುಹೊತ್ತು ಇಲ್ಲಿ ನುಸಿಯ ರಾಜ್ಯಭಾರ. ಹಗಲೆಲ್ಲ ಬೀಸುವ ಗಾಳಿಗೆದುರಾಗಿ ಹಾರುವ ಬಲ ಆ ರೆಕ್ಕೆಗಿಲ್ಲ. ಅದು ಎಲೆಯಡಿ, ದೋಣಿಯ ಹೊಟ್ಟೆಯಡಿ, ಬಲೆಯ ರಾಶಿಯ ನೆರಳಲ್ಲಿ ಕಾದಿರುತ್ತದೆ. ಗಾಳಿ ಬಿದ್ದದ್ದೇ ನಾವು ಬಿಡುವ ಉಸಿರಿನ ಜಾಡು ಹಿಡಿದು ಬರುತ್ತದೆ. ಬರುವುದೆಲ್ಲ ಹೆಣ್ಣೇ; ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಹೀರಿಕೊಂಡು ತನ್ನ ಪಾಡಿಗೆ ಇದ್ದುಬಿಡುತ್ತದೆ.

ಪಾತಿ ದೋಣಿಯ ಹಿರಿಯರೊಬ್ಬರು ನಮ್ಮ ಡೇರೆಯನ್ನೂ ಅದರ ಬಾಯಿ ತಿರುಗಿದ ದಿಕ್ಕನ್ನೂ ಒಮ್ಮೆ ನೋಡಿದರು. "ತಮ್ಮಾ, ಗಿಡದ ಮಗ್ಗಲಿಗೆ ಯಾಕೆ ಹಾಕಿದ್ರಿ? ಆ ದಿನ್ನೆ ಮೇಲೆ ಹಾಕಿ. ರಾತ್ರಿ ಗಾಳಿ ಮೂಡಲಿಂದ ಬರ್ತದೆ, ಬಾಗಿಲು ಅತ್ತ ಇರ್ಲಿ." ಹೇಳಿದ್ದಷ್ಟೇ ಅಲ್ಲ, ಹಳೇ ಬಾಣಲೆಯೊಂದರಲ್ಲಿ ಕಾಯಿಸಿಪ್ಪೆ ಒಟ್ಟಿ, ಕೆಂಡವಾದ ಮೇಲೆ ಹಸಿ ಲಕ್ಕಿಸೊಪ್ಪನ್ನು ಅದರ ಮೇಲೆ ಹರಡಿದರು. ದಪ್ಪ, ಕಹಿ, ಕಣ್ಣಲ್ಲಿ ನೀರು ತರಿಸುವ ಹೊಗೆ. ನುಸಿ ದೂರ ಸರಿಯಿತು; ನಾವೂ ಅರ್ಧ ಸರಿದೆವು. ಪೇಟೆಯಿಂದ ತಂದ ಕಾಯಿಲ್ ಬಯಲಿನಲ್ಲಿ ಊದುಬತ್ತಿಯಷ್ಟೇ ಉಪಕಾರಿ. ಮೈಗೆ ಹಚ್ಚುವ ಒಡೋಮಸ್ ಬೆವರಿನೊಂದಿಗೆ ಇಳಿದುಹೋಗುತ್ತದೆ. ಕಡೆಗೆ ನಂಬುವಂಥದ್ದು ಸೊಳ್ಳೆಪರದೆ, ಅದೂ ಅಂಚನ್ನು ಚಾಪೆಯಡಿ ಮಡಚಿ ಸಿಕ್ಕಿಸಿದರೆ.

ಹೊರಗಿನಿಂದ ಬಂದವರು ತಪ್ಪನ್ನೆಲ್ಲ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲೆ ಹೊರಿಸುತ್ತಾರೆ. ನನಗದು ಅನ್ಯಾಯವೆನಿಸುತ್ತದೆ. ಟಾರ್ಚು ಹಿಡಿದು ದಂಡೆಗೆ ಇಳಿದು ನೋಡಿ. ಕೆಸರಿನಿಂದ ಮೊಳೆಯಂತೆ ಮೇಲೆದ್ದ ಉಸಿರುಬೇರುಗಳ ನಡುವೆ ದಿನಕ್ಕೆ ಎರಡು ಸಲ ಉಬ್ಬರ ಏರಿ ಇಳಿಯುತ್ತದೆ. ಆ ಓಡಾಡುವ ನೀರಿನಲ್ಲಿ ಕಡ್ಡಿಗಾತ್ರದ ಮೀನಿನ ಮರಿಗಳು ಮರಿಹುಳುಗಳನ್ನು ಹೆಕ್ಕಿ ತಿನ್ನುತ್ತಿರುತ್ತವೆ. ನುಸಿ ಹುಟ್ಟುವುದು ಉಬ್ಬರ ಮುಟ್ಟದ ತಗ್ಗಿನಲ್ಲಿ. ದಡಕ್ಕೆಳೆದ ದೋಣಿಯ ತಳದಲ್ಲಿ ನಿಂತ ಮಳೆನೀರಲ್ಲಿ. ತಾಡಪಾಲಿನ ಮಡಿಕೆಯಲ್ಲಿ, ಎಳನೀರಿನ ಬುರುಡೆಯಲ್ಲಿ, ನಮ್ಮಂಥವರು ಬಿಟ್ಟುಹೋದ ಪ್ಲಾಸ್ಟಿಕ್ ಲೋಟದಲ್ಲಿ. ಅಂಥದೊಂದು ಲೋಟಕ್ಕೆ ಬೆಳಕು ಬಿಟ್ಟರೆ ಎಳೆಯಂಥ ಹುಳುಗಳು ತಲೆ ಕೆಳಗೆ ಮಾಡಿ ಜೋತಾಡುತ್ತಿದ್ದು, ನೆರಳು ಬಿದ್ದಕೂಡಲೇ ಕೊಂಕುತ್ತ ತಳ ಸೇರುತ್ತವೆ. ವಾರ ಹತ್ತು ದಿನದಲ್ಲಿ ಅವಕ್ಕೆ ರೆಕ್ಕೆ. ಡೆಂಗಿ ಹರಡುವ, ಕಾಲಿಗೆ ಬಿಳಿ ಪಟ್ಟೆಯಿರುವ ಜಾತಿಗೆ ಇಂಥ ತಿಳಿನೀರೇ ಇಷ್ಟ; ಅದು ಕಚ್ಚುವುದು ಹಗಲಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿದಾಗ ಮನೆಮನೆಯಲ್ಲೂ ಹುಡುಕಿದ್ದು ಈ ನಿಂತ ನೀರನ್ನೇ.

ಹರಿಯುವ ನೀರಿಗೆ ಬೇರೆಯೇ ದರ್ಬಾರು. ಜೋಯಿಡಾದ ದಿಗ್ಗಿ ಕಡೆಯಿಂದ ಹೊರಟು ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳ ಹಿಂದೆ ಗುಡ್ಡಗಳ ನಡುವೆ ಕೆರೆಗಳಂತೆ ಹರಡಿ ನಿಂತು, ಟರ್ಬೈನು ತಿರುಗಿಸಿ, ಮತ್ತೆ ಹೊಳೆಯಾಗಿ 184 ಕಿಲೋಮೀಟರು ನಡೆದ ಕಾಳಿ ಇಲ್ಲಿ ಕಡಲಿಗೆ ಸೇರುತ್ತದೆ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ದೋಣಿಯೇರಿ ಈ ಹೊಳೆಯಲ್ಲೇ ಮೇಲಕ್ಕೆ ಹೋಗಿದ್ದರು. ಪುಣ್ಯವಂತರು, ನಡುಹೊಳೆಗೆ ನುಸಿ ಬರುವುದು ಕಡಿಮೆ.

ರಾತ್ರಿ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣ ಶೆಟ್ಲಿಯ ಚಟ್ನಿ. ಒಂದು ಕೈ ತುತ್ತಿಗೆ, ಇನ್ನೊಂದು ಪಾದಕ್ಕೆ. ಸೇತುವೆಯ ಮೇಲೆ ಗೋವೆಯತ್ತ ಹೋಗುವ ಲಾರಿಗಳ ದೀಪ ಸಾಲಾಗಿ ಸರಿಯುತ್ತಿರುತ್ತದೆ. ಪಕ್ಕದಲ್ಲಿದ್ದ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಾಗ ಒಂದು ಲಾರಿ ಹೊಳೆಗೆ ಬಿತ್ತು, ಚಾಲಕ ಬದುಕಿದ. ಆ ಸುದ್ದಿ ಇಲ್ಲಿ ಯಾವ ಮಾತಿನ ನಡುವೆಯೂ ಬಂದೇ ಬರುತ್ತದೆ. ಹಿರಿಯರು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಬೆನ್ನಿಗೆ ತಣ್ಣಗೆ ಏನೋ ತಗುಲಿತು. ಘಟ್ಟದ ಗಾಳಿ. ಹೊಗೆ ಪಡುವಲಿಗೆ ವಾಲಿತು, ಪರದೆ ಉಬ್ಬಿತು, ಕಿವಿಯ ಹತ್ತಿರದ ನಾದ ತೆಳ್ಳಗಾಯಿತು.

ಬೆಳಿಗ್ಗೆ ಇಳಿತದ ಹೊತ್ತಿಗೆ ಸೀರೆಯನ್ನು ಮೊಣಕಾಲ ಮೇಲೆ ಕಟ್ಟಿದ ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಹೆಕ್ಕಲು ಕೆಸರಿಗೆ ಇಳಿದರು. ನಮ್ಮ ಊದಿದ ಮುಖಗಳನ್ನು ಕಂಡು ಒಬ್ಬಾಕೆ ನಗು ತಡೆಯಲಾರದೆ, "ದೀಪಾವಳಿ ಕಳೆದ ಮೇಲೆ ಬರೂಕೆ ಆಗ್ಲಿಲ್ವ ಅಣ್ಣಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಗ್ಗಿ ಬುಟ್ಟಿ ತುಂಬತೊಡಗಿದಳು.