ಡಿಕ್ಕಿಯಲ್ಲಿ ಹಿಡಿಸುವ ಮಂಚ

ಈ ಸಂಚಿಕೆಯನ್ನು ಥುಕ್ಬಾದಿಂದ ರೆಕಾರ್ಡ್ ಮಾಡ್ತಾ ಇದ್ದೇನೆ. ಸೌದಿ ಅರೇಬಿಯಾದ ಪೂರ್ವ ಕರಾವಳಿಯ ಅಲ್ ಖೋಬರ್ ಊರಿನ ಹಳೆಯ ಬಡಾವಣೆ ಇದು. ಹಿನ್ನೆಲೆಯಲ್ಲಿ ಗರಗಸದ ಸದ್ದು ಕೇಳಿದರೆ ಕ್ಷಮಿಸಿ, ಕೆಳಗೆ ವರ್ಕ್‌ಶಾಪ್ ಇದೆ. ಇವತ್ತಿನ ಕಥೆ ಅರ್ಧ ಹುಟ್ಟಿದ್ದೂ ಅದೇ ವರ್ಕ್‌ಶಾಪಿನಲ್ಲಿ.

ಸಾಮಾನ್ಯವಾಗಿ ನಾನು ಇಲ್ಲಿ ಜೀವಕೋಶ, ಕಿಣ್ವ ಅಂತ ಮಾತಾಡುವವಳು. ಇವತ್ತು ಮಂಚದ ಬಗ್ಗೆ. ಅದಕ್ಕೆ ಕಾರಣ ಅಪ್ಪ. ಚಳಿಗಾಲಕ್ಕೆ ವಿಸಿಟ್ ವೀಸಾದ ಮೇಲೆ ರಾಯಚೂರಿನಿಂದ ಬಂದಿದ್ದರು. ಇಲ್ಲಿ ಡಿಸೆಂಬರ್, ಜನವರಿ ಅಂದ್ರೆ ಗುರುವಾರ ಸಂಜೆ ಕಾರು ತುಂಬಿಕೊಂಡು ಮರಳಿಗೆ ಹೋಗುವ ಕಾಲ. ಶುಕ್ರವಾರ, ಶನಿವಾರ ರಜೆ. ದಕ್ಷಿಣಕ್ಕೆ ಸುಮಾರು ಅರ್ಧ ಗಂಟೆ ಹೋದರೆ ಹಾಫ್ ಮೂನ್ ಬೇ, ಒಂದು ಕಡೆ ಮರಳದಿಬ್ಬ, ಇನ್ನೊಂದು ಕಡೆ ಸಮುದ್ರ. ಅಪ್ಪನಿಗೆ ಅಲ್ಲಿ ಒಂದು ರಾತ್ರಿ ಮಲಗಬೇಕು ಅಂತ ಆಸೆ. ಬೇಸಿಗೆಯಲ್ಲಿ ಅಂಗಳದಲ್ಲಿ ಹೊರಸು ಹಾಕಿ ಮಲಗಿ ಬೆಳೆದವರು ಅವರು. ಆದರೆ ಎರಡೂ ಮೊಣಕಾಲಿನ ಮೃದ್ವಸ್ಥಿ ಸವೆದಿದೆ. "ನೆಲದ ಮ್ಯಾಲ ಮಲಗಿದ್ರ ನನ್ನ ಎಬ್ಬಿಸಾಕ ಕ್ರೇನ್ ತರಬೇಕವ್ವ" ಅಂದರು. ರಾತ್ರಿ ಎರಡು ಮೂರು ಸಲ ಏಳಬೇಕಾದ ವಯಸ್ಸು. ಪ್ರತಿ ಸಲ ಮಗಳನ್ನು ಕರೆಯೋದು ಅವರಿಗೆ ಒಗ್ಗದ ವಿಷಯ.

ಅಂಗಡಿಯಲ್ಲಿ ಸಿಗುವ ಅತಿ ಹಗುರದ ಕ್ಯಾಂಪಿಂಗ್ ಮಂಚಗಳು ನೆಲದಿಂದ ಒಂದು ಗೇಣೂ ಎತ್ತರ ಇರೋದಿಲ್ಲ. ಬೆನ್ನಿಗೆ ಹೊತ್ತು ಬೆಟ್ಟ ಹತ್ತುವವರಿಗೆ ಅದು ಸರಿ. ಮೊಣಕಾಲಿಗೆ ಅದು ನೆಲವೇ. ನಾವು ತಗ್ಗಿನಿಂದ ಎದ್ದೇಳುವಾಗ ದೇಹದ ಭಾರ ಮೊಣಕಾಲಿನಿಂದ ಬಹಳ ಹಿಂದೆ ಇರುತ್ತದೆ. ಭಾರ ಎಷ್ಟು ಹಿಂದಿದೆಯೋ ತೊಡೆಯ ಸ್ನಾಯು ಅಷ್ಟು ಜಗ್ಗಬೇಕು, ಅದು ಜಗ್ಗಿದಷ್ಟೂ ಮಂಡಿಚಿಪ್ಪು ಹಿಂದಿನ ಮೂಳೆಗೆ ಒತ್ತುತ್ತದೆ. ಕೂತ ಜಾಗ ಮಂಡಿಯ ಮಟ್ಟಕ್ಕೆ ಬಂದರೆ ಈ ಕೆಲಸ ತುಂಬಾ ಹಗುರ. ಅಪ್ಪನನ್ನು ಕುರ್ಚಿ ಮೇಲೆ ಕೂರಿಸಿ ಟೇಪ್ ಹಿಡಿದೆ, ನೆಲದಿಂದ ಮಂಡಿಯ ಹಿಂಭಾಗಕ್ಕೆ 42 ಸೆಂಟಿಮೀಟರ್. ಮಂಚದ ಎತ್ತರ ಅಲ್ಲಿಗೆ ನಿರ್ಧಾರ ಆಯ್ತು. ಉದ್ದ 190, ಅಗಲ 65. ನಮ್ಮದು ಸಣ್ಣ ಕಾರು, ಡಿಕ್ಕಿಯಲ್ಲಿ ನೀರಿನ ಕ್ಯಾನು, ಸ್ಟವ್ ಎಲ್ಲ ಇಟ್ಟ ಮೇಲೆ ಉಳಿಯೋದು 80 ಸೆಂಟಿಮೀಟರ್ ಉದ್ದದ ಒಂದು ಚೀಲದ ಜಾಗ.

ಮೊದಲನೇ ಮಂಚ ಸುಲಭವಾಗಿ ಆಯ್ತು. 25 ಮಿಲಿಮೀಟರ್ ವ್ಯಾಸದ, ಗೋಡೆ ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪೈಪು. ಎರಡು ಬದಿಗೆ ಎರಡು ಉದ್ದ ಪೈಪು, ಕೆಳಗೆ ಕತ್ತರಿಯಂತೆ ತೆರೆಯುವ ಮೂರು ಜೋಡಿ ಕಾಲು, ಮೇಲೆ ಬಟ್ಟೆ. ಮನೆಯಲ್ಲಿ ನಾನು ಮಲಗಿ ನೋಡಿದೆ, ಗಟ್ಟಿ. ಗುರುವಾರ ಮರಳಿಗೆ ಹೋದೆವು. ಅಪ್ಪ ಬಂದರು, ಮಂಚದ ಅಂಚಿಗೆ ದೊಪ್ಪನೆ ಕೂತರು. ಪೈಪು ಬಾಗಿತು. ಮುರೀಲಿಲ್ಲ, ನಿಧಾನವಾಗಿ ಬಾಳೆದಿಂಡಿನ ಹಾಗೆ ಬಾಗಿ ಹಾಗೇ ನಿಂತಿತು. ಅಪ್ಪ ಕಾರಿನ ಮುಂದಿನ ಸೀಟು ಒರಗಿಸಿ ರಾತ್ರಿ ಕಳೆದರು. ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವು.

ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ನಾನು ಲೆಕ್ಕ ಹಾಕಿದ್ದು ಮಲಗಿದ ಮನುಷ್ಯನಿಗೆ. ಅಪ್ಪನ ತೂಕ 80 ಕೆಜಿ. ಮಲಗಿದಾಗ ಅದು ಎರಡು ಪೈಪಿಗೆ 40, 40 ಅಂತ ಹಂಚಿ, ಮತ್ತೆ ಉದ್ದಕ್ಕೂ ಹರಡಿಕೊಳ್ಳುತ್ತದೆ. ಆದರೆ ಮಂಚಕ್ಕೆ ಯಾರೂ ಮೇಲಿನಿಂದ ಅಂಗಾತ ಬೀಳೋದಿಲ್ಲವಲ್ಲ! ಮೊದಲು ಅಂಚಿಗೆ ಕೂರುತ್ತಾರೆ. ಆಗ ಹೆಚ್ಚುಕಮ್ಮಿ ಪೂರ್ತಿ ಭಾರ ಒಂದೇ ಪೈಪಿನ ಮೇಲೆ, ಅದೂ ಎರಡು ಕಾಲುಗಳ ನಡುವಿನ 95 ಸೆಂಟಿಮೀಟರ್ ಖಾಲಿ ಜಾಗದ ಮಧ್ಯಕ್ಕೆ. ಆ ಲೆಕ್ಕ ಹಾಕಿದರೆ ಪೈಪಿನ ಹೊರಮೈಯಲ್ಲಿ ಹುಟ್ಟುವ ಒತ್ತಡ ಸುಮಾರು 300 ಮೆಗಾಪ್ಯಾಸ್ಕಲ್. ಒಳ್ಳೆಯ 6061 ದರ್ಜೆಯ ಅಲ್ಯೂಮಿನಿಯಂ ಸುಮಾರು 275ಕ್ಕೇ ಶಾಶ್ವತವಾಗಿ ಬಾಗುತ್ತದೆ. ಕೂತವರ ಒಂದಿಷ್ಟು ಭಾರ ಪಾದಕ್ಕೆ ಹೋಗುತ್ತೆ ನಿಜ, ಆದರೆ ದೊಪ್ಪನೆ ಕೂತಾಗಿನ ಹೊಡೆತ ಅದನ್ನು ವಾಪಸ್ ತರುತ್ತದೆ. ಮಂಡಿನೋವಿರುವವರು ಮೆಲ್ಲಗೆ ಕೂರೋದೂ ಇಲ್ಲ. ಕೊನೆಯ ಅರ್ಧ ಅಡಿ ಅವರು ಬೀಳುತ್ತಾರೆ, ಯಾಕಂದ್ರೆ ಆ ಅರ್ಧ ಅಡಿಯೇ ಹೆಚ್ಚು ನೋಯುವುದು.

ಬಾಗಿದ ಪೈಪು ಹಿಡ್ಕೊಂಡು ಕೆಳಗಿನ ವರ್ಕ್‌ಶಾಪಿಗೆ ಹೋದೆ. ಅಲ್ಲಿರುವ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಅಂತಾರೆ, ನಾನೂ ಹಾಗೇ ಕರೀತೇನೆ. ಅವರ ಸಲಹೆ: ದಪ್ಪ ಗೋಡೆಯ ಪೈಪು ಹಾಕಿ, ಮೂರು ಮಿಲಿಮೀಟರ್. ನಮಗೆಲ್ಲ ಮೊದಲು ಹೊಳೆಯೋದೂ ಅದೇ. ಲೆಕ್ಕ ಬೇರೆ ಹೇಳುತ್ತದೆ. ಗೋಡೆ ದುಪ್ಪಟ್ಟು ಮಾಡಿದರೆ ಒತ್ತಡ 300ರಿಂದ ಸುಮಾರು 180ಕ್ಕೆ ಇಳಿಯುತ್ತೆ, ತೂಕ ಮಾತ್ರ ಶೇಕಡ 87 ಏರುತ್ತೆ. ಅದರ ಬದಲು ಗೋಡೆಯನ್ನು ಒಂದೂವರೆ ಮಿಲಿಮೀಟರಿಗೇ ಬಿಟ್ಟು ವ್ಯಾಸವನ್ನು 25ರಿಂದ 32ಕ್ಕೆ ಏರಿಸಿದರೂ ಒತ್ತಡ ಅದೇ 180ರ ಹತ್ತಿರಕ್ಕೆ ಬರುತ್ತೆ, ತೂಕ ಏರೋದು ಶೇಕಡ 30 ಮಾತ್ರ. ಪೈಪು ಬಾಗುವಾಗ ಮೇಲ್ಭಾಗ ಹಿಚುಕಿಕೊಳ್ಳುತ್ತೆ, ಕೆಳಭಾಗ ಹಿಗ್ಗುತ್ತೆ, ನಟ್ಟನಡುವೆ ಇರುವ ಲೋಹಕ್ಕೆ ಕೆಲಸವೇ ಇಲ್ಲ. ಹಾಗಾಗಿ ಇರುವ ಲೋಹವನ್ನು ನಡುವಿನಿಂದ ಆದಷ್ಟು ದೂರ ಇಡಬೇಕು. ಬಿದಿರು ಮಾಡೋದು ಇದನ್ನೇ, ಹಕ್ಕಿಯ ರೆಕ್ಕೆಯ ಮೂಳೆ ಮಾಡೋದೂ ಇದನ್ನೇ. ಉಸ್ತಾದ್ ಎರಡೂ ಪೈಪು ತಂದು, ಎರಡು ಇಟ್ಟಿಗೆ ಮೇಲಿಟ್ಟು, ತಾವೇ ನಿಂತು ನೋಡಿದರು. ಆಮೇಲೆ 32ರ ಪೈಪು ಕತ್ತರಿಸೋಕೆ ಶುರು ಮಾಡಿದರು.

ಕಾಲು ಎಷ್ಟು ಜೋಡಿ ಅನ್ನೋದೂ ಚಿಕ್ಕ ಪ್ರಶ್ನೆಯಲ್ಲ. ಬಾಗುವಿಕೆ ಎರಡು ಆಸರೆಗಳ ನಡುವಿನ ಅಂತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಂತರ ಎರಡು ಪಟ್ಟಾದರೆ ಅದೇ ಭಾರಕ್ಕೆ ಎಂಟು ಪಟ್ಟು ಬಾಗು. ನಡುವಿನ ಜೋಡಿ ಬಿಟ್ಟರೆ ಅರ್ಧ ಕೆಜಿಯಷ್ಟು ಉಳಿಯುತ್ತಿತ್ತು, ಬಿಡಲಿಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಬಟ್ಟೆಯದು. ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೀರಲ್ಲ? ಹಗ್ಗ ಜೋಲದ ಹಾಗೆ ಬಿಗಿಯಾಗಿ ಕಟ್ಟಿದರೆ ಒಂದು ಒದ್ದೆ ಟವೆಲ್ಲಿಗೇ ಮೊಳೆ ಕಿತ್ತು ಬರುತ್ತೆ. ಸಡಿಲ ಬಿಟ್ಟರೆ ಹತ್ತು ಟವೆಲ್ ತಡೆಯುತ್ತೆ. ಮಂಚದ ಬಟ್ಟೆಯೂ ಹಾಗೇ. 65 ಸೆಂಟಿಮೀಟರ್ ಅಗಲಕ್ಕೆ ಬಟ್ಟೆ ಐದು ಸೆಂಟಿಮೀಟರ್ ಮಾತ್ರ ತಗ್ಗಬೇಕು ಅಂದ್ರೆ, 80 ಕೆಜಿಯ ಮನುಷ್ಯನಿಗೆ ಎರಡೂ ಪೈಪನ್ನು ಒಳಕ್ಕೆ ಎಳೆಯುವ ಬಲ ಸುಮಾರು 130 ಕೆಜಿ. ಕೆಳಕ್ಕೆ ಒತ್ತುವುದು ಪೈಪಿಗೆ 40, ಒಳಕ್ಕೆ ಎಳೆಯುವುದು 130! ಹತ್ತು ಸೆಂಟಿಮೀಟರ್ ತಗ್ಗಲು ಬಿಟ್ಟರೆ ಎಳೆತ ಅರ್ಧವಾಗುತ್ತೆ, ಆದರೆ ಮಲಗಿದವರು ತೊಟ್ಟಿಲಿನ ಮಗು. ಸೊಂಟ ತಗ್ಗಿ ಬೆಳಿಗ್ಗೆ ಬೆನ್ನು ಹಿಡಿಯುತ್ತೆ.

ಈ 130 ಕೆಜಿಯನ್ನು ತಡೆಯೋರು ಯಾರು? ಚಮತ್ಕಾರ ಏನಂದ್ರೆ, ಕತ್ತರಿ ಕಾಲುಗಳೇ. ಮೇಲೆ ಭಾರ ಬಿದ್ದಾಗ ಕತ್ತರಿ ಇನ್ನಷ್ಟು ತೆರೆದುಕೊಳ್ಳೋಕೆ ನೋಡುತ್ತೆ, ಬಟ್ಟೆ ಮುಚ್ಚೋಕೆ ನೋಡುತ್ತೆ. ನೆಲದ ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ 42 ಎತ್ತರ, 65 ಅಗಲದ ಕತ್ತರಿ ಹೊರಕ್ಕೆ ತಳ್ಳುವ ಬಲ ಸುಮಾರು 124 ಕೆಜಿ. ಅಂದ್ರೆ ಅಪ್ಪನ ಮಂಡಿಗೆ ಅಂತ ಆರಿಸಿದ ಎತ್ತರವೇ ಬಟ್ಟೆಯನ್ನು ಐದು ಸೆಂಟಿಮೀಟರ್ ತಗ್ಗಿಗೆ ತಂದು ನಿಲ್ಲಿಸುತ್ತದೆ. ಇದು ನನ್ನ ಜಾಣತನ ಅಲ್ಲ, ಕಾಕತಾಳೀಯ. ಆದರೂ ಆ ರಾತ್ರಿ ಕಾಗದದ ಮೇಲೆ ಎರಡು ಸಂಖ್ಯೆ ಹತ್ತಿರ ಬಂದಾಗ ಎದ್ದು ಚಹಾ ಮಾಡ್ಕೊಂಡೆ. ತಲೆ, ಕಾಲಿನ ಕಡೆಗೆ ಒಂದೊಂದು ಅಡ್ಡ ಪೈಪನ್ನೂ ಹಾಕಿದ್ದೇವೆ, ಅಂಚಿನಲ್ಲಿ ಕೂತಾಗ ಲೆಕ್ಕ ಒಂದು ಕಡೆಗೆ ವಾಲುತ್ತದಲ್ಲ, ಅದಕ್ಕೆ.

ಬಟ್ಟೆ ಪಾಲಿಯೆಸ್ಟರ್. ನೈಲಾನ್ ಒದ್ದೆಯಾದರೆ ಹಿಗ್ಗುತ್ತೆ, ಇಲ್ಲಿಯ ಕರಾವಳಿ ಇಬ್ಬನಿಗೆ ಅದು ಬೆಳಗಿನ ಹೊತ್ತಿಗೆ ಜೋಲುತ್ತದೆ. ಅಪ್ಪ ನವಾರು ಹೆಣೆಯೋಣ ಅಂದರು. ಹೆಣೆದ ನವಾರು ಮಡಚಿದರೆ ದಪ್ಪ ಗಂಟು, ಚೀಲಕ್ಕೆ ಹೋಗಲ್ಲ. ಸ್ವಲ್ಪ ಬೇಜಾರಾದರು.

ಮಡಚುವ ಮಂಚ ಹೊಸ ಸಂಗತಿ ಅಂದ್ಕೋಬೇಡಿ. 1922ರ ನವೆಂಬರ್‌ನಲ್ಲಿ ಹೊವಾರ್ಡ್ ಕಾರ್ಟರ್ ಈಜಿಪ್ಟಿನಲ್ಲಿ ತುತಾಂಖಾಮುನ್ ಸಮಾಧಿ ಪತ್ತೆ ಮಾಡಿದರಲ್ಲ, ಅದರೊಳಗೆ ಮೂರಾಗಿ ಮಡಚುವ ಒಂದು ಮರದ ಮಂಚ ಸಿಕ್ಕಿತು. 3,300 ವರ್ಷ ಹಳೆಯದು. ಕಂಚಿನ ಬಿಜಾಗರಿ, ಮಡಿಕೆ ಬೀಳುವ ಕಡೆ ಆಸರೆಗೆ ಹೆಚ್ಚುವರಿ ಕಾಲು. ಮಡಿಕೆ ಅಂದ್ರೆ ದುರ್ಬಲ ಜಾಗ, ಅಲ್ಲಿ ಕೆಳಗೆ ಒಂದು ಕಾಲು ಬೇಕು ಅಂತ ಆ ಬಡಗಿಗೆ ಗೊತ್ತಿತ್ತು. ನಾವೂ ಅದನ್ನೇ ಮಾಡಿದ್ದು. ಒಂದೊಂದು ಉದ್ದ ಪೈಪು ಮೂರು ತುಂಡು, ಒಳಗೆ ಇನ್ನೊಂದು ಬಿಗಿ ಪೈಪು ತೂರಿ ಜೋಡಣೆ, ಆ ಜೋಡಣೆ ಜನ ಕೂರುವ ನಡುಭಾಗದಿಂದ ಆದಷ್ಟು ದೂರ. ಎಲ್ಲೂ ವೆಲ್ಡಿಂಗ್ ಇಲ್ಲ. ಈ ಅಲ್ಯೂಮಿನಿಯಂ ಬಲ ಪಡೆದಿರೋದು ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿದ್ದರಿಂದ. ವೆಲ್ಡಿಂಗ್ ಬೆಂಕಿ ತಾಗಿದರೆ ಸುತ್ತಲಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತೆ. ಬೋಲ್ಟು, ರಿವೆಟ್ಟೇ ವಾಸಿ.

ಇನ್ನು ಮರಳು. ಬರಿ ಪೈಪಿನ ತುದಿ ಮರಳಿಗೆ ಮೊಳೆಯ ಹಾಗೆ ಇಳಿಯುತ್ತೆ, ಆರು ಕಾಲು ಆರು ಆಳಕ್ಕೆ. ಒಂಟೆಯ ಪಾದ ನೋಡಿದ್ದೀರಾ? ಅಗಲ, ಮೆತ್ತಗೆ, ಊರಿದಾಗ ಇನ್ನಷ್ಟು ಹರಡುತ್ತದೆ. ನಮ್ಮ ಕಾಲುಗಳಿಗೆ ಎಂಟು ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಲಗೆ ಸಿಕ್ಕಿಸಿದೆವು. ಒತ್ತಡ ಚದರ ಸೆಂಟಿಮೀಟರಿಗೆ 1.7 ಕೆಜಿ ಇದ್ದದ್ದು 0.2ಕ್ಕೆ ಇಳಿಯಿತು.

ಒಂದು ವಿಷಯ ಮಾತ್ರ ಕೊನೆಯವರೆಗೂ ನನಗೆ ಹೊಳೆದಿರಲಿಲ್ಲ. ಚಳಿಯಲ್ಲಿ ನೆಲದಿಂದ ಮೇಲೆ ಮಲಗಿದರೆ ಬೆಚ್ಚಗೆ ಅಂತ ನಾವು ನಂಬಿರುತ್ತೇವೆ. ಒಣ ಮರಳು ಶಾಖವನ್ನು ಅಷ್ಟು ಚೆನ್ನಾಗಿ ಒಯ್ಯೋದಿಲ್ಲ, ಸ್ವಲ್ಪ ಹೊತ್ತಿಗೆ ನಮ್ಮ ಕೆಳಗೆ ತಾನೂ ಬೆಚ್ಚಗಾಗುತ್ತೆ. ಮಂಚದ ಕೆಳಗಿನ ಗಾಳಿ ಹಾಗಲ್ಲ, ನಿಲ್ಲೋದೇ ಇಲ್ಲ, ಬೆಚ್ಚಗಾದದ್ದು ಹೋಗಿ ತಣ್ಣನೆಯದು ಬರ್ತಾ ಇರುತ್ತೆ. ಕೆಳಗೆ ಹಾಸಿದ ರಜಾಯಿ ಭಾರಕ್ಕೆ ಚಪ್ಪಟೆಯಾಗಿ ಅದರೊಳಗಿನ ಗಾಳಿ ಹೊರಟುಹೋಗಿರುತ್ತೆ. ಬೇಸಿಗೆ ಅಂಗಳದಲ್ಲಿ ಹೊರಸು ತಂಪು ಕೊಡೋದು ಇದೇ ಕಾರಣಕ್ಕೆ, ಜನವರಿಯ 10 ಡಿಗ್ರಿಗೆ ಅದೇ ಗುಣ ಶಾಪ. ಹಾಗಾಗಿ ಬಟ್ಟೆಯ ಮೇಲೆ ಮೊದಲು ಭಾರಕ್ಕೆ ಹಿಚುಕದ ಫೋಮ್ ಹಾಳೆ, ಅದರ ಮೇಲೆ ಅಮ್ಮ ಕಳಿಸಿದ ಕೌದಿ. ತಲೆ ಮೇಲೊಂದು ಟಾರ್ಪಾಲು ಕೂಡ. ಮೋಡವಿಲ್ಲದ ಆಕಾಶಕ್ಕೆ ನಮ್ಮ ಹೊದಿಕೆ ಶಾಖವನ್ನು ವಿಕಿರಣವಾಗಿ ಕಳಿಸ್ತಾ ಇರುತ್ತೆ, ಗಾಳಿಗಿಂತ ತಣ್ಣಗಾಗುತ್ತೆ, ಆಮೇಲೆ ಅದರ ಮೇಲೇ ಇಬ್ಬನಿ ಕೂರುತ್ತೆ. ಟಾರ್ಪಾಲು ಇದ್ದರೆ ಒದ್ದೆಯಾಗೋದು ಅದು, ನಾವಲ್ಲ.

ಜೀವಶಾಸ್ತ್ರದವಳು ಚೇಳಿನ ಬಗ್ಗೆ ಹೇಳದೆ ಬಿಡೋದು ಹೇಗೆ. ಇಲ್ಲಿ ಆಂಡ್ರೊಕ್ಟೋನಸ್ ಕ್ರಾಸಿಕೌಡ ಅನ್ನೋ ದಪ್ಪ ಬಾಲದ ಕಪ್ಪು ಚೇಳಿದೆ, ಅದರ ವಿಷ ಹಗುರವಾಗಿ ತಗೋಳೋದಲ್ಲ. ಚಳಿಯಲ್ಲಿ ಅದರ ಓಡಾಟ ಕಡಿಮೆ. ನುಣುಪಾದ ಲೋಹದ ಕಾಲು ಹತ್ತೋದು ಅದಕ್ಕೆ ಕಷ್ಟ, ಆದರೆ ನೆಲ ಮುಟ್ಟುವ ಹಾಗೆ ಇಳಿಬಿದ್ದ ಕೌದಿ ಏಣಿಯೇ ಸರಿ. ಕೌದಿ ಮೇಲಕ್ಕೆ ಮಡಚಿ, ಚಪ್ಪಲಿ ಕೊಡವಿ ಹಾಕಿ. ನೇರಳಾತೀತ ಬೆಳಕಿನಲ್ಲಿ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತೆ, ಅದಕ್ಕೆ ಅಂತಲೇ ಒಂದು ಸಣ್ಣ ಟಾರ್ಚ್ ಇಟ್ಟುಕೊಂಡಿದ್ದೇನೆ. ಮಂಚದ ಕೆಳಗೆ ಒಂದು ಸುತ್ತು ಬೆಳಕು ಹಾಯಿಸಿದೆ. ಏನೂ ಇರಲಿಲ್ಲ. ಅಪ್ಪ ಟಾರ್ಚ್ ಕಸ್ಕೊಂಡು ಅರ್ಧ ಗಂಟೆ ದಿಬ್ಬದ ಮೇಲೆ ಹುಡುಕಿದರು.

ಎರಡನೇ ಸಲ ಹೋದದ್ದು ಅವರು ಊರಿಗೆ ಹೊರಡುವ ಹಿಂದಿನ ವಾರ. ಮಂಚ ಚೀಲದಲ್ಲಿ, ಐದು ಕೆಜಿಗಿಂತ ಸ್ವಲ್ಪ ಹೆಚ್ಚು, ಜೋಡಿಸೋಕೆ ನಾಲ್ಕು ನಿಮಿಷ. ಅಪ್ಪ ಬಂದು, ನನ್ನ ಮುಖ ನೋಡಿ, ಬೇಕಂತಲೇ ದೊಪ್ಪನೆ ಕೂತರು. ಪೈಪು ಒಂದಿಷ್ಟು ತಗ್ಗಿ ಮತ್ತೆ ನೇರವಾಯ್ತು.

ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ, ಕಿವಿ ಅತ್ತಲೇ ಇತ್ತು. ರಾತ್ರಿ ಮೂರು ಸಲ ಎದ್ದರು. ಪ್ರತಿ ಸಲ ಕಾಲು ಕೆಳಗಿಟ್ಟು, ಎರಡೂ ಕೈ ಪೈಪಿಗೆ ಊರಿ, ಒಂದು ಕ್ಷಣ ಕೂತು, ತಾವೇ ನಿಂತರು. ಕರೀಲಿಲ್ಲ.

ಒಂದು ದೋಷ ಉಳಿದಿದೆ. ಹೊರಳಿದಾಗಲೆಲ್ಲ ಜೋಡಣೆ ಕಿರ್ರ್ ಅನ್ನುತ್ತೆ, ಲೋಹಕ್ಕೆ ಲೋಹ ಉಜ್ಜಿ. ಉಸ್ತಾದ್ ನೈಲಾನ್ ವಾಷರ್ ತರಿಸ್ತೇನೆ ಅಂದಿದ್ದಾರೆ. ಅಪ್ಪ ಫೋನಿನಲ್ಲಿ ಹೇಳ್ತಾರೆ, ಅದನ್ನ ಹಂಗ ಬಿಡು, ಹೊರಸೂ ಹಂಗ ಅಂತಿತ್ತು ಅಂತ.