ಕಂಪನಿ ಕೊಟ್ಟ ರೂಟರ್ ಬದಲಿಸಿದರೆ ಫೈಬರ್ ನೆಟ್ ವೇಗ ಹೆಚ್ಚುತ್ತದೆಯೇ? ಟಿವಿ, ಫೋನ್ ಕಥೆ ಏನು?

ಫೈಬರ್ ಸಂಪರ್ಕದ ಜೊತೆ ಕಂಪನಿಯವರು ಕೊಡುವ ಡಬ್ಬಿ ಕಳಪೆಯದ್ದು, ಅದನ್ನು ಕಿತ್ತು ಅಂಗಡಿಯಿಂದ ತಂದ ರೂಟರ್ ಹಾಕಿದರೆ ನೆಟ್ ವೇಗ ಎರಡು ಪಟ್ಟಾಗುತ್ತದೆ, ಟಿವಿಯೂ ಅದರಲ್ಲೇ ಬರುತ್ತದೆ ಎಂಬ ಅರ್ಥದ ಸಂದೇಶ ಮತ್ತು ವಿಡಿಯೊಗಳನ್ನು ನೀವೂ ನೋಡಿರಬಹುದು. ಮಳೆಗಾಲ ಶುರುವಾಗಿ ನೆಟ್ ಕೈಕೊಡತೊಡಗಿದಾಗ ಇಂಥ ಸಲಹೆಗಳಿಗೆ ಬೇಡಿಕೆ ಹೆಚ್ಚು. ಹಾಗಾದರೆ ಇದು ನಿಜವೇ?

ಚುಟುಕಾಗಿ ಹೇಳುವುದಾದರೆ ಇದು ಅರ್ಧ ಸತ್ಯ. ಹೊಸ ರೂಟರ್‌ನಿಂದ ಮನೆಯೊಳಗಿನ ವೈಫೈ ಸುಧಾರಿಸಬಹುದು. ಆದರೆ ಕಂಪನಿಯ ಡಬ್ಬಿಯನ್ನು ಕಿತ್ತುಹಾಕಿದರೆ ನೆಟ್, ಟಿವಿ, ಲ್ಯಾಂಡ್‌ಲೈನ್ ಮೂರೂ ಒಟ್ಟಿಗೆ ಹೋಗಬಹುದು. ಪೇಟೆಯಲ್ಲಿ ಇದು ಅರ್ಧ ದಿನದ ಕಿರಿಕಿರಿ. ಮೂಡಿಗೆರೆ, ಕಳಸ ಕಡೆಯ ತೋಟದ ಮನೆಗಳಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಮನೆಗಳ ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ವೈಫೈ ಮೂಲಕ ಮಾಡುವ ಕರೆ ಅಥವಾ ಫೈಬರ್ ಡಬ್ಬಿಗೆ ಜೋಡಿಸಿದ ಫೋನ್ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದರೆ, ಹೊರಗೆ ಜುಲೈ ತಿಂಗಳ ಮಳೆ ಸುರಿಯುತ್ತಿದ್ದರೆ, ಆ ಡಬ್ಬಿಯೇ ಅವರಿಗೆ ಡಾಕ್ಟರನ್ನೋ ಆಂಬುಲೆನ್ಸನ್ನೋ ಕರೆಯುವ ಸಾಧನ. ಆದ್ದರಿಂದ ಅದನ್ನು ಮುಟ್ಟುವ ಮೊದಲು ಒಳಗೆ ಏನಿದೆ ಎಂದು ತಿಳಿದುಕೊಳ್ಳೋಣ.

ಆ ಡಬ್ಬಿ ಬರೀ ರೂಟರ್ ಅಲ್ಲ

ನಾವೆಲ್ಲ ಅದನ್ನು ರೂಟರ್ ಅಥವಾ ಮೋಡೆಮ್ ಎನ್ನುತ್ತೇವೆ. ಅದರ ಸರಿಯಾದ ಹೆಸರು ಒಎನ್‌ಟಿ. ಸಾಮಾನ್ಯವಾಗಿ ಅದು ಮೂರು ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಮೊದಲ ಕೆಲಸ. ಒಂದೇ ಸಂಪರ್ಕವನ್ನು ಮನೆಯ ಹಲವು ಫೋನು, ಟಿವಿಗಳಿಗೆ ಹಂಚುವುದು ಎರಡನೆಯದು. ವೈಫೈ ಕೊಡುವುದು ಮೂರನೆಯದು. ಫೋನ್ ಎಂದು ಬರೆದ ಕಿಂಡಿ ಇದ್ದರೆ ಲ್ಯಾಂಡ್‌ಲೈನ್ ನಡೆಸುವುದು ನಾಲ್ಕನೆಯದು.

ಅಂಗಡಿಯಲ್ಲಿ ಸಿಗುವ ಮಾಮೂಲಿ ವೈಫೈ ರೂಟರ್ ಇವುಗಳಲ್ಲಿ ಎರಡನೆಯ ಮತ್ತು ಮೂರನೆಯ ಕೆಲಸವನ್ನಷ್ಟೇ ಮಾಡಬಲ್ಲದು. ಅದರಲ್ಲಿ ಫೈಬರ್ ಸಿಕ್ಕಿಸುವ ಜಾಗವೇ ಇರುವುದಿಲ್ಲ. ಹಾಗಾಗಿ ಅದು ಒಎನ್‌ಟಿ ಜಾಗಕ್ಕೆ ಬರಲಾರದು, ಅದರ ಪಕ್ಕದಲ್ಲಿ ಕೂರಬಹುದು ಅಷ್ಟೆ.

ಹಾಗಾದರೆ ಬೇರೊಂದು ಒಎನ್‌ಟಿಯನ್ನೇ ತಂದು ಹಾಕಿದರೆ?

ಅದೂ ಸುಲಭವಲ್ಲ. ನಮ್ಮಲ್ಲಿ ಮನೆಗಳಿಗೆ ಬರುವ ಫೈಬರ್‌ಗೆ ಹೆಚ್ಚಾಗಿ ಬಳಸುವುದು ಜಿಪಾನ್ ಎಂಬ ತಂತ್ರಜ್ಞಾನ. ಇದರಲ್ಲಿ ಒಂದು ಎಳೆಯನ್ನು ಸ್ಪ್ಲಿಟರ್ ಮೂಲಕ ಸಾಮಾನ್ಯವಾಗಿ 32 ಅಥವಾ 64 ಮನೆಗಳವರೆಗೆ ಹಂಚುತ್ತಾರೆ. ಅಷ್ಟೂ ಮನೆಗೆ ಬರುವ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹೋಗುವ ದಿಕ್ಕಿನಲ್ಲಿ ಸುಮಾರು 1.25 ಗಿಗಾಬಿಟ್ ಹಂಚಿಕೆಯಾಗುತ್ತದೆ. ಎಲ್ಲರೂ ಒಂದೇ ಎಳೆಯಲ್ಲಿ ಮಾತಾಡಬೇಕಾದ್ದರಿಂದ, ಯಾವ ಮನೆಯ ಡಬ್ಬಿ ಯಾವ ಕ್ಷಣದಲ್ಲಿ ಬೆಳಕು ಕಳಿಸಬೇಕು ಎಂದು ಕಂಪನಿಯ ಕಡೆಯ ಯಂತ್ರ ಸರದಿ ಹಾಕಿಕೊಡುತ್ತದೆ.

ಆ ಸರದಿಗೆ ಸೇರಬೇಕೆಂದರೆ ಡಬ್ಬಿಯ ಸೀರಿಯಲ್ ನಂಬರ್ ಅಥವಾ ಅದಕ್ಕೆ ಕೊಟ್ಟ ಗುರುತು ಕಂಪನಿಯಲ್ಲಿ ನೋಂದಣಿಯಾಗಿರಬೇಕು. ಆನ್‌ಲೈನ್‌ನಲ್ಲಿ ತರಿಸಿದ ಒಎನ್‌ಟಿ ಎಷ್ಟು ದುಬಾರಿಯದ್ದಾದರೂ ನೋಂದಣಿ ಇಲ್ಲದಿದ್ದರೆ ಸುಮ್ಮನೆ ಕೂರುತ್ತದೆ. ಇನ್ನು ಕೆಟ್ಟ ಡಬ್ಬಿಯೊಂದು ಸರದಿ ಬಿಟ್ಟು ಬೆಳಕು ಕಳಿಸಿದರೆ ಅದೇ ಸ್ಪ್ಲಿಟರ್‌ನ ನೆರೆಮನೆಗಳ ನೆಟ್ಟೂ ಹಾಳಾಗಬಹುದು.

ವಿದೇಶದ ವಿಡಿಯೊಗಳಲ್ಲಿ ಜನ ಆರಾಮಾಗಿ ಬದಲಿಸುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕರು ತಮ್ಮದೇ ಸಾಧನ ಬಳಸಬಹುದು, ಅದಕ್ಕೆ ಬೇಕಾದ ವಿವರಗಳನ್ನು ಕಂಪನಿ ಕೊಡಬೇಕು ಎಂಬ ಕಾನೂನಿದೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿ ಡಬ್ಬಿ ಕಿತ್ತರೆ ಫಲ ಬೇರೆಯೇ ಆಗುತ್ತದೆ.

ಟಿವಿ ಯಾವ ದಾರಿಯಲ್ಲಿ ಬರುತ್ತಿದೆ ನೋಡಿಕೊಳ್ಳಿ

ಫೈಬರ್‌ನಲ್ಲಿ ಟಿವಿ ಬರುವುದು ಮೂರು ಬಗೆಯಲ್ಲಿ.

ಒಂದು, ಕೇಬಲ್ ಟಿವಿ ಸಂಕೇತವೇ ಅದೇ ಎಳೆಯಲ್ಲಿ ಬೇರೆ ಬಣ್ಣದ ಬೆಳಕಾಗಿ ಬರುವುದು. ಇಂಟರ್ನೆಟ್ 1490 ಮತ್ತು 1310 ನ್ಯಾನೋಮೀಟರ್ ಅಲೆಗಳಲ್ಲಿ ಓಡಾಡಿದರೆ ಟಿವಿಗೆ 1550 ನ್ಯಾನೋಮೀಟರ್. ಡಬ್ಬಿಯಿಂದ ಟಿವಿ ಕಡೆಗೆ ದಪ್ಪನೆಯ ಕೇಬಲ್ ವೈರ್ ಹೋಗಿದ್ದರೆ ನಿಮ್ಮದು ಈ ಬಗೆ. ಆ ಕಿಂಡಿ ಇಲ್ಲದ ಡಬ್ಬಿ ಹಾಕಿದರೆ ಟಿವಿ ಬಂದ್.

ಎರಡು, ಸೆಟ್‌ಟಾಪ್ ಬಾಕ್ಸ್‌ಗೆ ಲ್ಯಾನ್ ವೈರ್ ಅಥವಾ ವೈಫೈ ಮೂಲಕ ಬರುವ ಐಪಿಟಿವಿ. ಇದಕ್ಕೆ ಕಂಪನಿಯವರು ಅದೇ ತಂತಿಯೊಳಗೆ ಪ್ರತ್ಯೇಕ ಓಣಿಯೊಂದನ್ನು ಮಾಡಿಕೊಟ್ಟಿರುತ್ತಾರೆ. ತಾಂತ್ರಿಕವಾಗಿ ಇದಕ್ಕೆ ವಿಲ್ಯಾನ್ ಎಂದು ಹೆಸರು. ಹೊಸ ರೂಟರ್‌ಗೆ ಆ ಓಣಿಯ ನಂಬರ್ ಗೊತ್ತಿಲ್ಲದಿದ್ದರೆ ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಚಾನೆಲ್‌ಗಳು ಮಾತ್ರ ಬರುವುದಿಲ್ಲ.

ಮೂರು, ಸ್ಮಾರ್ಟ್ ಟಿವಿಯ ಆ್ಯಪ್‌ಗಳು. ಇವಕ್ಕೆ ಬೇಕಾದ್ದು ಬರೀ ಇಂಟರ್ನೆಟ್. ರೂಟರ್ ಯಾವುದಾದರೂ ಸಾಮಾನ್ಯವಾಗಿ ನಡೆಯುತ್ತದೆ.

ಲ್ಯಾಂಡ್‌ಲೈನ್ ಕಥೆಯೂ ಇಷ್ಟೆ. ನಿಮ್ಮ ನಂಬರಿನ ವಿವರ, ಪಾಸ್‌ವರ್ಡ್ ಎಲ್ಲ ಒಎನ್‌ಟಿ ಒಳಗೇ ಇರುತ್ತದೆ. ಡಬ್ಬಿ ಹೋದರೆ ಆ ನಂಬರೂ ಮೌನ.

ವೇಗ ಎಲ್ಲಿ ಸೋರುತ್ತಿದೆ?

ನೀವು ದುಡ್ಡು ಕೊಟ್ಟಿದ್ದು 50 ಎಂಬಿಪಿಎಸ್ ಪ್ಲಾನ್‌ಗಾದರೆ ಜಗತ್ತಿನ ಯಾವ ರೂಟರೂ ಅದನ್ನು 100 ಮಾಡಲಾರದು. ಹಾಗಾಗಿ ಹೊಸದು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಇದ್ದರೆ ಲ್ಯಾನ್ ವೈರ್‌ನಿಂದ ನೇರ ಡಬ್ಬಿಗೆ ಸಿಕ್ಕಿಸಿ ವೇಗ ನೋಡಿ. ಇಲ್ಲದಿದ್ದರೆ ಮೊಬೈಲ್ ಹಿಡಿದು ಡಬ್ಬಿಯ ಪಕ್ಕದಲ್ಲೇ ನಿಂತು ನೋಡಿ. ಅಲ್ಲಿ ಪೂರ್ತಿ ವೇಗ ಬಂದು ಒಳಕೋಣೆಯಲ್ಲಿ ಬರದಿದ್ದರೆ ತೊಂದರೆ ವೈಫೈನದ್ದು. ಡಬ್ಬಿಯ ಪಕ್ಕದಲ್ಲೂ ಬರದಿದ್ದರೆ ಬಹುಮಟ್ಟಿಗೆ ಲೈನ್‌ನದ್ದು ಅಥವಾ ಡಬ್ಬಿಯದ್ದು, ಅದಕ್ಕೆ ಕಂಪನಿಗೆ ದೂರು ಕೊಡಬೇಕು.

ಮಲೆನಾಡಿನ ಹಳೆಯ ಹೆಂಚಿನ ಮನೆಗಳ ದಪ್ಪ ಗೋಡೆ ದಾಟುವುದು ವೈಫೈಗೆ ಕಷ್ಟ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ಡಬ್ಬಿಯನ್ನು ಟಿವಿ ಹಿಂದಿನಿಂದಲೋ ಬೀರುವಿನ ಒಳಗಿನಿಂದಲೋ ತೆಗೆದು ಮನೆ ನಡುವೆ, ಎತ್ತರದಲ್ಲಿ ಇಡಿಸಿದರೆ ದುಡ್ಡು ಖರ್ಚಿಲ್ಲದೆ ಎಷ್ಟೋ ಸುಧಾರಿಸುತ್ತದೆ. ಹಾಗೆ ಸರಿಸುವಾಗ ಫೈಬರ್ ವೈರನ್ನು ಮಡಚಬೇಡಿ. ಬಿಗಿಯಾಗಿ ಬಾಗಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ.

ಹೊಸ ರೂಟರ್ ಬೇಕೇ ಬೇಕು ಎಂದಾದರೆ

1. ಮೊದಲು ಡಬ್ಬಿಯ ಹಿಂಭಾಗದ ಫೋಟೊ ತೆಗೆದುಕೊಳ್ಳಿ. ಯಾವ ವೈರ್ ಯಾವ ಕಿಂಡಿಯಲ್ಲಿತ್ತು ಎಂದು ಆಮೇಲೆ ನೆನಪಿರುವುದಿಲ್ಲ.

2. ಒಎನ್‌ಟಿ ಅಲ್ಲೇ ಇರಲಿ. ಅದರ ಲ್ಯಾನ್ ಕಿಂಡಿಯಿಂದ ವೈರ್ ಎಳೆದು ಹೊಸ ರೂಟರ್‌ಗೆ ಕೊಡಿ. ಹೊಸದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿದರೆ ಅದು ವೈಫೈ ಕೆಲಸ ಮಾತ್ರ ಮಾಡುತ್ತದೆ, ಉಳಿದದ್ದು ಮೊದಲಿನಂತೆಯೇ ಇರುತ್ತದೆ. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು.

3. ಸೆಟ್‌ಟಾಪ್ ಬಾಕ್ಸ್ ವೈರ್ ಒಎನ್‌ಟಿಯಲ್ಲೇ ಇರಲಿ. ಫೋನ್ ವೈರೂ ಹಾಗೇ.

4. ಪೂರ್ತಿ ಕೆಲಸ ಹೊಸ ರೂಟರ್‌ಗೇ ವಹಿಸಬೇಕೆಂದರೆ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಬೇಕು. ಅದನ್ನು ಲೈನ್‌ನವರಿಂದಲೇ ಮಾಡಿಸಿ, ಬಳಕೆದಾರರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಬರೆಸಿಕೊಳ್ಳಿ. ಟಿವಿ, ಫೋನ್ ನಡೆಯುತ್ತದೆಯೇ ಎಂದು ಅವರಿರುವಾಗಲೇ ನೋಡಿ.

5. ಸಣ್ಣ ತೂತಿನೊಳಗಿನ ರೀಸೆಟ್ ಗುಂಡಿಗೆ ಪಿನ್ ಚುಚ್ಚಬೇಡಿ. ಆಫ್ ಮಾಡಿ ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಲೈನ್‌ನವರು ತುಂಬಿಸಿದ ವಿವರವೆಲ್ಲ ಅಳಿಸಿಹೋಗಬಹುದು.

ಕೆಂಪು ದೀಪ ಬಂದರೆ ರೂಟರ್ ತಪ್ಪಲ್ಲ

ಎಲ್‌ಒಎಸ್ ಎಂದು ಬರೆದಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಮನೆಗೆ ಬೆಳಕೇ ಬರುತ್ತಿಲ್ಲ ಎಂದರ್ಥ. ಕಾಫಿ ತೋಟಗಳಲ್ಲಿ ಫೈಬರ್ ಕಂಬದಿಂದ ಕಂಬಕ್ಕೆ, ಕೆಲವೊಮ್ಮೆ ಮರದಿಂದ ಮರಕ್ಕೆ ಹಾದುಬರುತ್ತದೆ. ಗಾಳಿಮಳೆಗೆ ಸಿಲ್ವರ್ ಓಕ್ ಕೊಂಬೆ ಬಿದ್ದರೂ, ಮರಗಸಿ ಮಾಡುವಾಗ ಕತ್ತಿ ತಗುಲಿದರೂ ಎಳೆ ತುಂಡಾಗುತ್ತದೆ. ಇದಕ್ಕೆ ಹೊಸ ರೂಟರ್ ತಂದರೆ ದುಡ್ಡು ದಂಡ. ತುಂಡಾದ ಎಳೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಅದರ ಲೇಸರ್ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಚೂರು ಚರ್ಮಕ್ಕೆ ಚುಚ್ಚಿಕೊಂಡರೆ ತೆಗೆಯುವುದೂ ಕಷ್ಟ.

ಫೈಬರ್‌ಗೆ ಸಿಡಿಲಿನ ಭಯವಿಲ್ಲವೇ?

ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ ಎನ್ನುವುದು ನಿಜ. ಆದರೆ ಡಬ್ಬಿಯ ಅಡಾಪ್ಟರ್ ಕರೆಂಟ್ ಲೈನ್‌ನಲ್ಲೇ ಇದೆ. ಮನೆಗೆ ಬರುವ ಕಪ್ಪು ಕೇಬಲ್‌ನಲ್ಲಿ ಆಸರೆಗೆಂದು ಉಕ್ಕಿನ ತಂತಿ ಇರುವುದುಂಟು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟುವಾಗಲೇ ಪ್ಲಗ್ ತೆಗೆದುಬಿಡಿ. ಸಿಡಿಲು ಹತ್ತಿರ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ.

ಡಬ್ಬಿಗೆ ಸಣ್ಣ ಯುಪಿಎಸ್ ಹಾಕಿಸಿದ್ದರೆ ಅದನ್ನು ಗೋಡೆಯ ಪ್ಲಗ್‌ನಿಂದ ತೆಗೆದರೂ ಬ್ಯಾಟರಿಯಲ್ಲಿ ಡಬ್ಬಿ ನಡೆಯುತ್ತದೆ. ದಾರಿಯ ಸ್ಪ್ಲಿಟರ್‌ಗಳಿಗೆ ಕರೆಂಟ್ ಬೇಡವಾದ್ದರಿಂದ, ಆ ತುದಿಯ ಯಂತ್ರಕ್ಕೆ ಕರೆಂಟ್ ಇರುವವರೆಗೆ ನಿಮ್ಮ ನೆಟ್ ಮತ್ತು ಫೋನ್ ಇರುತ್ತವೆ. ಮಳೆಗಾಲದಲ್ಲಿ ಹೊಸ ರೂಟರ್‌ಗಿಂತ ಇದೇ ಹೆಚ್ಚು ಉಪಕಾರಿ. ಕೊಳ್ಳುವಾಗ ಹಳೆಯ ಅಡಾಪ್ಟರ್ ಮೇಲಿನ ವೋಲ್ಟ್ ಸಂಖ್ಯೆಗೆ ಸರಿಹೊಂದುವುದನ್ನೇ ಕೊಳ್ಳಿ. ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು.

ಮರೆಯಬಾರದ ಒಂದು ಬದಲಾವಣೆ

ಡಬ್ಬಿ ಬದಲಿಸಿ, ಬಿಡಿ, ಪಾಸ್‌ವರ್ಡ್ ಮಾತ್ರ ಬದಲಿಸಿ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆದಿತ್ತು. ಸಿಕ್ಕಿಬಿದ್ದದ್ದು ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸುವಂತೆ ಕಂಪನಿಯೇ ಗ್ರಾಹಕರಿಗೆ ಸೂಚಿಸಿತ್ತು. ಹೊಸ ರೂಟರ್‌ಗೂ ಇದೇ ಮಾತು ಅನ್ವಯ.

ಹಾಗಾದರೆ ತೀರ್ಮಾನ

ಕಂಪನಿಯ ಡಬ್ಬಿ ತೆಗೆದು ಹೊಸ ರೂಟರ್ ಹಾಕಿದರೆ ವೇಗ ಎರಡು ಪಟ್ಟಾಗುತ್ತದೆ ಎನ್ನುವುದು ದಾರಿ ತಪ್ಪಿಸುವ ಮಾತು. ಡಬ್ಬಿ ಅಲ್ಲೇ ಇದ್ದು, ಅದಕ್ಕೆ ಇನ್ನೊಂದು ರೂಟರ್ ಜೋಡಿಸಿದರೆ ವೈಫೈ ಸುಧಾರಿಸಬಹುದು ಎನ್ನುವುದು ನಿಜ. ಡಬ್ಬಿ ನಿಜಕ್ಕೂ ಕೆಟ್ಟಿದ್ದರೆ ಕಂಪನಿಯವರಿಂದಲೇ ಬದಲಿಸಿಕೊಳ್ಳಿ, ಹಳೆಯದನ್ನು ಎಸೆಯದೆ ವಾಪಸ್ ಕೊಟ್ಟು ರಸೀದಿ ಪಡೆಯಿರಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಬೆಂಗಳೂರಿನಿಂದ ರೂಟರ್ ಕಳಿಸುವ ಯೋಚನೆ ಇದ್ದರೆ ನೀವು ರಜೆಗೆ ಬಂದಾಗಲೇ ತನ್ನಿ. ಮಳೆ ಬಿಟ್ಟ ಮೇಲೆ, ಲೈನ್‌ನವರು ಸಿಗುವ ದಿನ ಬೆಳಗ್ಗೆಯೇ ಜೋಡಿಸಿ. ಹೊರಡುವ ಮೊದಲು ಅವರ ಕೈಯಿಂದಲೇ ಒಂದು ಕರೆ ಮಾಡಿಸಿ ನೋಡಿ. ಆ ಸಂದೇಶ ಕಳಿಸಿದವರಿಗೆ ಈ ಬರಹವನ್ನೂ ಕಳಿಸಿ.